ಸೊನ್ನೆ-ಎಪ್ಪತ್ನಾಲ್ಕರ ಹುಟ್ಟುಗೂದಲು

ಜೂನ್ ತಿಂಗಳು, ನಮ್ಮ ಬೆಟ್ಟದ ಮೇಲೆ ಕಡುಚಳಿಗಾಲ. ರಾತ್ರಿಯ ಚಳಿಗೆ ಬಯಲಲ್ಲಿ ಹರಡಿಟ್ಟ ಸಣ್ಣ ಆಲೂಗಡ್ಡೆಗಳು ಬೆಳಗಿನ ಜಾವಕ್ಕೆ ಬೆಣಚುಕಲ್ಲಾಗಿ, ಬಿಸಿಲೇರುತ್ತಿದ್ದಂತೆ ಮೆತ್ತಗಾಗಿ ಕಾಲಿಗೆ ಹದವಾಗುತ್ತಿದ್ದವು. ಮೆಲಿತೊನ್ ಚೋಕೆ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ರಾಶಿಯ ಮೇಲೆ ನಿಂತು, ಹಿಮ್ಮಡಿ ತಿರುಗಿಸಿ ತಿರುಗಿಸಿ ತುಳಿದು ನೀರು ಹಿಂಡುತ್ತಿದ್ದ. ಪಕ್ಕದ ರಾಶಿಯ ಮೇಲೆ ಅವನ ಹೆಂಡತಿ ಸೆರಾಫಿನಾ. ಹೀಗೆ ತುಳಿದು ಒಣಗಿಸಿದ ಚುನ್ಯೊ ಹತ್ತು ವರ್ಷ ಇಟ್ಟರೂ ಕೆಡುವುದಿಲ್ಲ. ಮನುಷ್ಯನ ಹೆಸರೂ ಹಾಗೇ ಕೆಡದೆ ಉಳಿಯಬೇಕು ಎಂಬ ಆಸೆ ಮೆಲಿತೊನನಿಗೆ ಒಮ್ಮೆ ಹುಟ್ಟಿತ್ತು. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ.

ನಮ್ಮ ಚಾಕಿಪಾತಾದಲ್ಲಿ ಮಗುವಿಗೆ ಧರ್ಮತಂದೆ ಇರುವಂತೆ ಹೊಸ ಸೂರಿಗೂ, ಹೊಸ ಲಾರಿಗೂ, ಶಾಲೆಯ ಗಂಟೆಗೂ ಒಬ್ಬ ಧರ್ಮತಂದೆ ಬೇಕು. ಅವನು ರಿಬ್ಬನ್ ಕಟ್ಟಿದ, ಮೆಕ್ಕೆಜೋಳದ ಹೆಂಡ ಚಿಚಾ ತುಂಬಿದ ಮಡಕೆಯನ್ನು ಒಡೆಯುತ್ತಾನೆ, ನಾಲ್ಕು ಮಾತಾಡುತ್ತಾನೆ, ನೆರೆದವರಿಗೆಲ್ಲ ಕುಡಿಯಲು ಕೊಡುತ್ತಾನೆ; ಪ್ರತಿಯಾಗಿ ಅವನ ಹೆಸರು ಗೋಡೆಯ ಹಿತ್ತಾಳೆ ಫಲಕದಲ್ಲಿ ಕೂರುತ್ತದೆ. ಒಂಬತ್ತು ವರ್ಷದ ಹಿಂದೆ ಪುರಸಭೆಯವರು ಕಂಪ್ಯೂಟರ್ ಕೋಣೆ ತೆರೆದಾಗ ಉಳ್ಳವರೆಲ್ಲ ಒಂದೊಂದು ನೆವ ಹೇಳಿ ಜಾರಿಕೊಂಡಿದ್ದರು. ಮೆಲಿತೊನ್ ಎರಡು ಕುರಿ ಮಾರಿ ಧರ್ಮತಂದೆಯಾದ. ಕಂಪ್ಯೂಟರ್ ಏನು ಮಾಡುತ್ತದೆಂದು ಅವನಿಗೆ ಆಗಲೂ ಗೊತ್ತಿರಲಿಲ್ಲ, ಆಮೇಲೆ ಕೇಳುವುದಕ್ಕೂ ಸಂಕೋಚ. ಫಲಕವನ್ನು ಮಾತ್ರ ವರ್ಷಕ್ಕೆರಡು ಸಲ ಹೋಗಿ ನಿಂಬೆಹೋಳು ಹಾಕಿ ಉಜ್ಜಿ ಬರುತ್ತಿದ್ದ.

ಆ ಬೆಳಿಗ್ಗೆ ರಾಶಿ ಅರ್ಧ ತುಳಿದಾಗಿತ್ತು. ಪುರಸಭೆಯ ಲಾರಿ ಬಂದು ಕಲ್ಲುಬೇಲಿಯ ಪಕ್ಕ ನಿಂತಿತು. ಮುಂದಿನಿಂದ ಮೇಯರ್ ದೊನ್ ರೊಸೆಂದೊ ಇಳಿದರು. ಹಿಂದಿನಿಂದ ಇಬ್ಬರು ಆಳುಗಳು ಏಳು ಹಳೆಯ ಕಂಪ್ಯೂಟರ್, ಒಂದು ಚೀಲ ಕೀಬೋರ್ಡು, ಕೊನೆಗೆ ಏದುಸಿರು ಬಿಡುತ್ತಾ ಆಳೆತ್ತರದ ಕರಿಯ ಕಬ್ಬಿಣದ ಬೀರುವೊಂದನ್ನು ಇಳಿಸಿದರು. ಬೀರುವಿಗೆ ಜರಡಿಯಂತೆ ತೂತುತೂತಾದ ಬಾಗಿಲು. ಒಳಗೆ ಐದು ಚಪ್ಪಟೆ ಕಬ್ಬಿಣದ ಪೆಟ್ಟಿಗೆಗಳು, ಮೇಜಿನ ಖಾನೆಗಳ ಹಾಗೆ ಎಳೆದರೆ ಮುಂದೆ ಬರುವಂಥವು. ಇದಕ್ಕೆ ಸರ್ವರ್ ಎನ್ನುತ್ತಾರೆ, ಉಳಿದ ಕಂಪ್ಯೂಟರುಗಳಿಗೆಲ್ಲ ಇದೇ ಯಜಮಾನ ಎಂದು ಲಾರಿಯವನು ಹೇಳಿದ. ಬೆನ್ನ ಹಿಂದೆ ನೀಲಿ, ಹಳದಿ, ಕೆಂಪು ವೈರುಗಳು ಜಡೆಗಟ್ಟಿ ನೆಲ ಮುಟ್ಟುತ್ತಿದ್ದವು. ಪಕ್ಕೆಗೆ ಸರ್ಕಾರದ ಚೀಟಿ, ತಂದದ್ದರಲ್ಲಿ ಇದೊಂದಕ್ಕೇ: ೦೭೪.

“ಕಂಪಾದ್ರೆ,” ಎಂದರು ಮೇಯರ್. “ನಮಗೆ ಹೊಸಾದು ಬಂತು. ಹಳೇದನ್ನ ಎಸೆಯೋ ಹಾಗಿಲ್ಲ, ಸರ್ಕಾರದ್ದು. ಇಟ್ಕೊಳ್ಳೋಣ ಅಂದ್ರೆ ಜಾಗ ಇಲ್ಲ. ಏನಪ್ಪಾ ಮಾಡೋದು ಅಂತ ಗೋಡೆ ಕಡೆ ನೋಡ್ದೆ, ನಿಮ್ಮ ಹೆಸರು ಫಳಫಳ ಅಂತಿತ್ತು. ತಂದೆ ಕೈಲಿ ಆಗದಿದ್ರೆ ಮಗೂನ ನೋಡ್ಕೊಳ್ಳೋನು ಧರ್ಮತಂದೆ ತಾನೆ?”

ಕಂಪಾದ್ರೆ ಎನ್ನುವುದು ಮಗುವಿನ ತಂದೆಯ ಮನೆಯವರೂ ಧರ್ಮತಂದೆಯ ಮನೆಯವರೂ ಪರಸ್ಪರ ಕರೆಯುವ ಮಾತು, ಹೆಂಗಸಾದರೆ ಕೊಮಾದ್ರೆ. ಒಂಬತ್ತು ವರ್ಷದಲ್ಲಿ ಮೂವರು ಮೇಯರುಗಳು ಬಂದು ಹೋಗಿದ್ದರು. ಒಬ್ಬರೂ ಅವನನ್ನು ಹಾಗೆ ಕರೆದಿರಲಿಲ್ಲ. ಮೆಲಿತೊನನ ಕಾಲು ಆಲೂಗಡ್ಡೆಯ ಮೇಲೆ ತಾನಾಗಿ ನಿಂತಿತು. ಮೇಯರ್ ಎಂಬ ಕುರ್ಚಿಯಲ್ಲಿ ಯಾರು ಕೂತರೂ ಅವರೇ ಮಗುವಿನ ತಂದೆಯಾಗಬೇಕಲ್ಲ ಎಂಬ ತರ್ಕ ಅವನಿಗೆ ಗಂಟಲಿಂದ ಇಳಿದ ಚಿಚಾದಷ್ಟು ಸಲೀಸಾಗಿ ಇಳಿಯಿತು. ಆಗಲಿ, ಒಳಗೆ ತನ್ನಿ ಅಂದ.

ಸೆರಾಫಿನಾ ಬೀರುವಿನ ಸುತ್ತ ಒಂದು ಸುತ್ತು ಬಂದಳು. “ಹಾಲು ಕೊಡತ್ತಾ ಇದು?” ಅಂತ ಒಂದೇ ಮಾತು ಕೇಳಿದಳು. ಲಾರಿ ಅಷ್ಟರಲ್ಲಿ ತಿರುಗಿತ್ತು.

ಮೊದಲ ವಾರ ಮೆಲಿತೊನ್ ಧರ್ಮಮಗನನ್ನು ಒಳಕೋಣೆಯಲ್ಲಿ ಕಂಬಳಿ ಹೊದಿಸಿ ಇಟ್ಟ. ಎರಡನೆಯ ವಾರ ಸೆರಾಫಿನಾ ಕಂಬಳಿಯನ್ನು ವಾಪಸು ತೆಗೆದುಕೊಂಡಳು. ಮನೆಗೆ ಬಂದದ್ದು ಯಾವುದಾದರೂ ದುಡಿಯಬೇಕು ಎಂಬುದು ಅವಳ ನಿಯಮ. ಗಂಡನಿಗೂ ಅದನ್ನೇ ಅನ್ವಯಿಸಿ ಸೋತಿದ್ದಳು. ಕಂಪ್ಯೂಟರಿನ ಡಬ್ಬಗಳ ಹೊಟ್ಟೆ ಬಗೆದು ಹುಲ್ಲು ತುಂಬಿದಳು, ಕೋಳಿಗಳು ಕಾವಿಗೆ ಕೂತವು. ಒಳಗಿದ್ದ ಬಾಚಣಿಗೆಯಂಥ ಅಲ್ಯೂಮಿನಿಯಂ ತುಂಡು ಕುರಿಯ ಉಣ್ಣೆ ಹಿಂಜಲು ಹೇಳಿ ಮಾಡಿಸಿದಂತಿತ್ತು. ಕನ್ನಡಿಯಂತೆ ಹೊಳೆಯುವ ದುಂಡು ಬಿಲ್ಲೆಗಳು ಸಿಕ್ಕವು. ಕೀನ್ವಾ ಕಾಳು ಒಣಹಾಕಿದ ಕಣದ ಮೇಲೆ ದಾರ ಕಟ್ಟಿ ತೂಗಿಬಿಟ್ಟರೆ ಒಂದು ಹಕ್ಕಿಯೂ ಇಳಿಯಲಿಲ್ಲ. ಕೀಬೋರ್ಡುಗಳಿಗೆ ಮಾತ್ರ ಅವಳಿಗೂ ಏನೂ ತೋಚಲಿಲ್ಲ. ಮೆಲಿತೊನ್ ಒಂದನ್ನು ಇಟ್ಟುಕೊಂಡು ಬೆನ್ನು ಕೆರೆದುಕೊಳ್ಳುತ್ತಿದ್ದ.

ಉಳಿದದ್ದು ಬೀರು. ಅದರ ಮೇಲೆ ಸೆರಾಫಿನಾಳ ಕಣ್ಣು ಬೀಳಲು ಕಾರಣ ಅವಳ ಕೂಯಿಗಳು. ನಮ್ಮ ಪ್ರತಿ ಅಡುಗೆಮನೆಯ ನೆಲದಲ್ಲೂ ಈ ಗಿನಿಯಿಲಿಗಳು ಕೂಯ್ ಕೂಯ್ ಎನ್ನುತ್ತಾ ಓಡಾಡಿಕೊಂಡಿರುತ್ತವೆ. ಸೆಪ್ಟೆಂಬರ್ ಕೊನೆಯ ಆಲೂಗಡ್ಡೆ ಬಿತ್ತನೆಗೆ ಹದಿನೈದು ಜನ, ಕಾಲಲ್ಲಿ ತುಳಿದು ನೆಲ ಮಗುಚುವ ತಂತಮ್ಮ ಕಾಲುನೇಗಿಲು ಹೊತ್ತು ಬಂದು ನಮ್ಮ ಹೊಲ ಉತ್ತುಕೊಡುತ್ತಾರೆ, ನಾಳೆ ನಾವು ಅವರ ಹೊಲಕ್ಕೆ ಹೋಗುತ್ತೇವೆ. ಕೂಲಿಯ ಮಾತಿಲ್ಲ. ಆದರೆ ಮಧ್ಯಾಹ್ನದ ತಟ್ಟೆಯಲ್ಲಿ ಹುರಿದ ಕೂಯಿ ಇರಲೇಬೇಕು. ಹಿಂದಿನ ವರ್ಷ ಸೆರಾಫಿನಾಳ ಕೂಯಿಗಳಲ್ಲಿ ಹನ್ನೊಂದನ್ನು ನೆಲದ ಚಳಿ ತಿಂದಿತ್ತು, ನಾಲ್ಕನ್ನು ಮುಂಗುಸಿಯಂಥದೊಂದು ಕಳ್ಳಪ್ರಾಣಿ ಎತ್ತಿಕೊಂಡು ಹೋಗಿತ್ತು. ಬಿತ್ತನೆಗೆ ಬಂದವರಿಗೆ ಅವಳು ಬೇಯಿಸಿದ ಮೊಟ್ಟೆ ಬಡಿಸಿದ್ದಳು. ಜನ ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ ತಿಂದರು. ಎರಡನೆಯ ಸಲ ಯಾರೂ ಬಡಿಸಿಕೊಳ್ಳಲಿಲ್ಲ. ಈ ವರ್ಷವೂ ಮೊಟ್ಟೆಯಾದರೆ ನೇಗಿಲು ಹೊತ್ತು ಬರುವವರು ಐದೇ ಜನ, ಅವರೂ ಸಂಬಂಧಿಕರು, ಹೊಲದ ಮುಕ್ಕಾಲು ಪಾಲು ಬೀಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಬೀರುವನ್ನು ಅಡುಗೆಮನೆಗೆ ಎಳೆಸಿ ಒಲೆಯ ಪಕ್ಕ ನಿಲ್ಲಿಸಿದಳು. ಐದೂ ಪೆಟ್ಟಿಗೆಗಳ ಮುಚ್ಚಳ ತೆಗೆದು, ಒಳಗಿನದನ್ನು ಬಳಿದು, ಒಣಹುಲ್ಲು ಹಾಸಿ, ಉಳಿದಿದ್ದ ಐದು ಕೂಯಿಗಳನ್ನು ಬಿಟ್ಟಳು. ನೆಲದ ಚಳಿ ತಾಗುವುದಿಲ್ಲ. ಬಾಗಿಲ ತೂತಿನಲ್ಲಿ ಗಾಳಿ ಆಡುತ್ತದೆ, ಕಳ್ಳನ ಮೂತಿ ತೂರುವುದಿಲ್ಲ. ಬೆಳಿಗ್ಗೆ ಖಾನೆ ಎಳೆದು ಹಿಕ್ಕೆ ಗುಡಿಸಿ ಮತ್ತೆ ತಳ್ಳಿದರೆ ಮುಗಿಯಿತು. ಇಂಥದನ್ನು ಮಾಡಿದವನು ಕೂಯಿ ಸಾಕಿದ್ದವನೇ ಇರಬೇಕು ಎಂದು ಅವಳು ಮೆಚ್ಚಿಕೊಂಡಳು.

ಇಲ್ಲಿಗೆ ನಿಂತಿದ್ದರೆ ಹೇಳುವುದಕ್ಕೇನೂ ಇರುತ್ತಿರಲಿಲ್ಲ. ಒಂದು ದಿನ ಬೆಂಕಿ ಕೇಳಲು ಪಕ್ಕದ ಮನೆಯ ಇಲಾರಿಯಾ ಅಜ್ಜಿ ಬಂದಳು. ಬೀರುವಿನ ಹಿಂಬದಿ, ಜಡೆಗಟ್ಟಿದ ವೈರುಗಳ ಸಮೇತ, ಅವಳ ಕಡೆಗಿತ್ತು.

“ಎಷ್ಟು ವರ್ಷ ಆತೋ ನಿನ್ನ ಧರ್ಮಮಗಂಗೆ?”

ಒಂಬತ್ತು ಎಂದ ಮೆಲಿತೊನ್.

“ಒಂಬತ್ತು ವರ್ಷದ ಹುಡುಗ, ಹುಟ್ಟುಗೂದಲು ಹಂಗೇ ಐತೆ. ನೆಲ ಗುಡಿಸ್ತಾ ಐತೆ. ಎಂಥಾ ಧರ್ಮತಂದೆಯೋ ನೀನು.”

ಅಜ್ಜಿ ತಮಾಷೆಗೆ ಅಂದಳೋ, ಕಣ್ಣು ಮಂಜಾಗಿ ಅಂದಳೋ, ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಮಾತು ಮೆಲಿತೊನನ ಎದೆಗೆ ನಾಟಿತು. ಮಗುವಿನ ಮೊದಲ ಕೂದಲನ್ನು ಧರ್ಮತಂದೆಯೇ ಕತ್ತರಿಸಬೇಕು. ಅಲ್ಲಿಯವರೆಗೆ ತಲೆಗೆ ಬಾಚಣಿಗೆ ಸೋಕಿಸುವಂತಿಲ್ಲ. ಅದನ್ನು ಮಾಡದವನನ್ನು ಜನ ಬೆನ್ನ ಹಿಂದೆ ಏನೆನ್ನುತ್ತಾರೆಂದು ಅವನಿಗೆ ಗೊತ್ತು, ಅವನೂ ಬೇರೆಯವರ ಬಗ್ಗೆ ಅಂದಿದ್ದನಲ್ಲ. ಮರುದಿನವೇ ಊರಲ್ಲಿ ಹೇಳಿ ಬಂದ: ಬರುವ ಭಾನುವಾರ ಕೂದಲು ತೆಗೆಯುವ ಶಾಸ್ತ್ರ. ಮೊದಲಿಗೆ ಜನ ನಕ್ಕರು. ಚಿಚಾ ಎಷ್ಟು ಮಡಕೆ ಎಂದು ಕೇಳಿದರು. ನಾಲ್ಕು ಎಂದಾಗ ಗಂಭೀರವಾದರು.

ಭಾನುವಾರ ಅಡುಗೆಮನೆ ತುಂಬಿತು. ಮಗುವಿನ ತಂದೆಯೆಂದು ದೊನ್ ರೊಸೆಂದೊ ಅವರನ್ನೂ ಕರೆದಿದ್ದ. ಓಟು ಕೂತಿರುವ ಕಡೆ ಮೇಯರ್ ಬರದೆ ಇರುತ್ತಾರೆಯೆ. ವೈರುಗಳಿಗೆ ಗುಚ್ಛಗುಚ್ಛವಾಗಿ ರಿಬ್ಬನ್ ಕಟ್ಟಿ, ತಟ್ಟೆಯಲ್ಲಿ ಕತ್ತರಿ ಇಟ್ಟಿದ್ದರು. ಒಂದು ಗುಚ್ಛ ಕತ್ತರಿಸಿದವರು ಮಗುವಿಗೆ ಒಂದು ಕಾಣಿಕೆ ಕೊಡಬೇಕು. ಮಗುವಿಗೆ ಹೆಸರು ಬೇಕಲ್ಲ, ಹೆಸರಿಲ್ಲದೆ ಕಾಣಿಕೆ ಯಾರಿಗೆ ಕೊಡುವುದು? ಮೆಲಿತೊನ್ ಚೀಟಿ ನೋಡಿ ಓದಿದ: ಸೊನ್ನೆ-ಎಪ್ಪತ್ನಾಲ್ಕು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಮೊದಲ ನೀಲಿ ಗುಚ್ಛವನ್ನು ಕತ್ತರಿಸಿ ತಟ್ಟೆಗೆ ಹಾಕಿದ.

ಮೊದಲ ಕಾಣಿಕೆ ಧರ್ಮತಂದೆಯದು, ಎಲ್ಲರದಕ್ಕಿಂತ ದೊಡ್ಡದಿರಬೇಕು. ಮೇಯರ್ ನೋಡುತ್ತಿದ್ದರು. ಮೆಲಿತೊನನ ಹೊಟ್ಟೆಗೆ ಆಗಲೇ ಎರಡು ಬಟ್ಟಲು ಚಿಚಾ ಹೋಗಿತ್ತು.

“ಸೊನ್ನೆ-ಎಪ್ಪತ್ನಾಲ್ಕಕ್ಕೆ, ನಮ್ಮನೇಲಿರೋ ಅಷ್ಟೂ ಕೂಯಿ,” ಎಂದ ಮೆಲಿತೊನ್. “ಇರೋದು, ಮುಂದೆ ಹುಟ್ಟೋದು, ಎಲ್ಲಾ.”

ಮಡಕೆಯ ಪಕ್ಕ ಸೆರಾಫಿನಾಳ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವಳೂ ಯೋಚಿಸಿದಳು: ಬೀರು ಇರುವುದು ತನ್ನ ಅಡುಗೆಮನೆಯಲ್ಲಿ, ಹುಲ್ಲು ಹಾಕುವುದು ತಾನು, ಕಬ್ಬಿಣ ಕೂಯಿ ತಿನ್ನುವುದಿಲ್ಲ. ಸೌಟು ಮತ್ತೆ ಮಡಕೆಗೆ ಇಳಿಯಿತು. ಧರ್ಮತಂದೆ ಹಾಗೆ ಶುರು ಮಾಡಿದ ಮೇಲೆ ಉಳಿದವರು ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಒಬ್ಬೊಬ್ಬರೂ ಒಂದು ಗುಚ್ಛ ಕತ್ತರಿಸಿ, ಸೊನ್ನೆ-ಎಪ್ಪತ್ನಾಲ್ಕಕ್ಕೆ ಒಂದು ಹೆಣ್ಣು ಕೂಯಿ, ಎಂದು ಗಟ್ಟಿಯಾಗಿ ಹೇಳಿದರು. ಸಂಜೆಯೊಳಗೆ ಹದಿನಾಲ್ಕು ಹೆಣ್ಣು ಕೂಯಿಗಳಾದವು, ಅರ್ಧಕ್ಕರ್ಧ ಗಬ್ಬದವು. ಮೇಯರ್ ತಮ್ಮ ಗುಚ್ಛ ಕತ್ತರಿಸಿ ಒಂದು ಭಾಷಣ ಕೊಟ್ಟರು.

ಸೆಪ್ಟೆಂಬರ್ ಬಂತು. ಬೀರುವಿನಲ್ಲಿ ನಲವತ್ತೆರಡು ಕೂಯಿಗಳಿದ್ದವು. ಮೇಲಿನ ಎರಡು ಖಾನೆಗಳಲ್ಲಿ ಬಿತ್ತನೆಗೆಂದು ಕೊಬ್ಬಿಸಿದ ಇಪ್ಪತ್ತು. ಬಿತ್ತನೆ ನಾಳೆ ಎನ್ನುವ ದಿನ ಸೆರಾಫಿನಾ ಅಂಗಳದಲ್ಲಿ ಮೆಣಸಿನಕಾಯಿ ಅರೆಯುತ್ತಿದ್ದಳು, ಇಲಾರಿಯಾ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೇಯರ್ ಒಬ್ಬ ಹೊಸಬರನ್ನು ಕರೆದುಕೊಂಡು ಬಂದರು. ಪ್ರಾಂತ್ಯದ ಮುಖ್ಯ ಊರಿನಿಂದ ಸರ್ಕಾರಿ ಸಾಮಾನು ತಪಾಸಣೆಗೆ ಬಂದ ಸೆನ್ಯೋರ್ ವಿಲ್ಯಾಗ್ರಾ. ಸಣ್ಣ ದನಿಯ, ಇಸ್ತ್ರಿ ಕೋಟಿನ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಅಂಥವರಿಂದಲೇ ಭಯ ಹೆಚ್ಚು. ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ, ಒಂದು ಅಳತೆಪಟ್ಟಿ. ಮೂವತ್ತೊಂದು ಸಾಮಾನುಗಳಲ್ಲಿ ಮೂವತ್ತು ಸಿಕ್ಕಿದ್ದವು. ೦೭೪ ಸಿಗದಿದ್ದರೆ ಅದರ ಬೆಲೆ ಮೇಯರರ ಸಂಬಳದಿಂದ ಹೋಗುತ್ತಿತ್ತು, ಹಾಗಾಗಿ ದೊನ್ ರೊಸೆಂದೊ ದಾರಿಯುದ್ದಕ್ಕೂ ಬೆವರಿದ್ದರು.

ಚೀಟಿ ನೋಡಿ ಇಬ್ಬರಿಗೂ ಸಮಾಧಾನವಾಯಿತು. ವಿಲ್ಯಾಗ್ರಾ ಅವರು ಬೀರುವಿನ ಎತ್ತರ, ಅಗಲ ಅಳೆದು ಬರೆದುಕೊಂಡರು. ಆಮೇಲೆ ಬಾಗಿಲ ತೂತುಗಳಿಂದ ತಮ್ಮನ್ನು ನೋಡುತ್ತಿದ್ದ ಕಣ್ಣುಗಳನ್ನು ನೋಡಿದರು. ಇವು ಯಾರವು ಎಂದು ಕೇಳಿದರು.

ಇಲ್ಲಿ ಸೆರಾಫಿನಾ ಉತ್ತರ ಕೊಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಅವಳ ಬಾಯಲ್ಲಿ ಆಗ ಉಪ್ಪು ನೋಡಲು ಹಾಕಿಕೊಂಡ ಮೆಣಸಿನಕಾಯಿ ಇತ್ತು. ಮೆಲಿತೊನ್ ಟೋಪಿ ತೆಗೆದು ಮುಂದೆ ಬಂದ. ಸರ್ಕಾರದ ವಸ್ತುವನ್ನು ತಾನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆಂದು ಹೇಳಿಕೊಳ್ಳಲು ಇದೇ ಸಮಯ ಎನಿಸಿತು.

“ಎಲ್ಲಾ ಸೊನ್ನೆ-ಎಪ್ಪತ್ನಾಲ್ಕರದೇ ಸ್ವಾಮಿ. ಇಡೀ ಊರೇ ಸಾಕ್ಷಿ. ಮೇಯರೂ ಇದ್ರು.”

ಮೇಯರ್ ಹೌದೆಂದು ತಲೆಯಾಡಿಸಿದರು. ಅದರಿಂದ ಏನಾಗಬಹುದೆಂದು ಅವರು ಆಗ ಯೋಚಿಸಿರಲಿಲ್ಲ.

ವಿಲ್ಯಾಗ್ರಾ ಅವರು ಕಾಗದದ ಹಿಂಬದಿಯ ಸಣ್ಣ ಅಕ್ಷರ ಓದಿದರು. ಸರ್ಕಾರಿ ಸಾಮಾನಿನ ಹೆಸರಿಗೆ ಬಂದ ಕಾಣಿಕೆ ಸರ್ಕಾರದ್ದೇ. ಅದನ್ನು ಮಾರುವ, ಸಾಗಿಸುವ, ಬಳಸಿ ಮುಗಿಸುವ ಹಾಗಿಲ್ಲ, ಮೇಲಿನ ಆದೇಶ ಬರುವ ತನಕ. ಅವರು ಒಂದೊಂದೇ ಖಾನೆ ಎಳೆದು ಎಣಿಸತೊಡಗಿದರು. ಎರಡು ಸಲ ತಪ್ಪಿತು, ಕೂಯಿಗಳು ನಿಲ್ಲುತ್ತಿರಲಿಲ್ಲ. ಮೆಲಿತೊನ್ ಸಹಾಯಕ್ಕೆ ಹೋಗಿ, ಇದರಲ್ಲಿ ಕೊಟ್ಟದ್ದು ಹತ್ತೊಂಬತ್ತೇ, ಉಳಿದವು ಇಲ್ಲೇ ಹುಟ್ಟಿದ್ದು ಎಂದ. ಹಾಗಾದರೆ ಹುಟ್ಟಿದ ತಾರೀಕುಗಳೂ ಬೇಕು ಎಂದರು ವಿಲ್ಯಾಗ್ರಾ. ಆದೇಶ ಬರಲು ಎಷ್ಟು ದಿನ ಎಂದು ಮೇಯರ್ ಕೇಳಿದರು. ಬೇಗ ಬರುತ್ತದೆ, ಮಾರ್ಚಿನೊಳಗೆ, ಎಂದರು ವಿಲ್ಯಾಗ್ರಾ.

ಅಂಗಳದಲ್ಲಿ ಅರೆಯುವ ಕಲ್ಲಿನ ಸದ್ದು ನಿಂತಿತು. ಇಲಾರಿಯಾ ಅಜ್ಜಿ ಬೆಳ್ಳುಳ್ಳಿಯನ್ನು ಮಡಿಲಿಗೆ ಹಾಕಿಕೊಂಡು, “ಹಂಗಾರೆ ನಾಳೆ ಮೊಟ್ಟೆ ಅನ್ನು,” ಎಂದಳು.

ಸೆರಾಫಿನಾ ಕೈ ತೊಳೆದುಕೊಂಡಳು. ಸೆರಗಿನಂತೆ ಹೊದ್ದ ಶಾಲಿಗೆ ಒರೆಸಿಕೊಂಡಳು. ಒಳಗೆ ಬಂದು, ಗಂಡನ ಕಡೆ ನೋಡದೆ, ವಿಲ್ಯಾಗ್ರಾ ಅವರ ಎದುರು ನಿಂತಳು.

“ಮಗು ಸರ್ಕಾರದ್ದು, ಒಪ್ಪಿದೆ. ಕೂಯಿ ಮಗೂದು, ಅದನ್ನೂ ಒಪ್ಪಿದೆ. ಈ ಮಗೂನ ಸಾಕಿದ್ಯಾರು ಸ್ವಾಮಿ?”

ಅವರು ಕಾಗದ ನೋಡಿದರು. ಅದರಲ್ಲಿ ಇರಲಿಲ್ಲ.

“ದಿನಕ್ಕೊಂದು ಹೊರೆ ಹಸಿಹುಲ್ಲು. ಹೊಳೆ ಆಚೆಯಿಂದ, ಈ ಬೆನ್ನ ಮೇಲೆ. ಇವತ್ತಿಗೆ ನೂರಾ ಮೂರು ದಿನ. ನಮ್ಮಲ್ಲಿ ಕಂಡೋರ ಮಗೂನ ಸಾಕಿದ್ರೆ, ಹೆತ್ತೋರು ಬಂದು ಕರ್ಕೊಂಡು ಹೋಗೋವಾಗ ಸಾಕಿದ್ದನ್ನ ತೀರಿಸ್ಬೇಕು. ದುಡ್ಡು ಬೇಡ. ನೂರಾ ಮೂರು ಹೊರೆ ಹುಲ್ಲು ತಂದು ಹಾಕಿ, ಕರ್ಕೊಂಡು ಹೋಗಿ. ಅದನ್ನೂ ಬರ್ಕೊಳಿ.”

ಅದಕ್ಕೆ ಅಂಕಣವಿಲ್ಲ ಎಂದರು ವಿಲ್ಯಾಗ್ರಾ, ನಿಜವಾದ ಬೇಸರದಿಂದ.

“ಪಟ್ಟಿ ಇದೆಯಲ್ಲ ಕೈಲಿ. ಒಂದು ಗೀಟು ಎಳ್ಕೊಳಿ.”

ಅವರು ನ್ಯಾಯವಂತ ಮನುಷ್ಯ. ಅಳತೆಪಟ್ಟಿಯನ್ನು ಕಾಗದದ ಮೇಲೆ ಇಟ್ಟರು ಕೂಡ. ಸೆರಾಫಿನಾ ಮುಂದುವರಿಸಿದಳು, ದನಿ ಏರಿಸದೆ: ಇವತ್ತಿನಿಂದ ಇವು ತನ್ನವಲ್ಲವಾದ್ದರಿಂದ ತಾನು ಹುಲ್ಲು ತರುವುದಿಲ್ಲ, ಸರ್ಕಾರದ ಪ್ರಾಣಿಗೆ ಸರ್ಕಾರವೇ ತರಬೇಕು. ಈಗ ನಲವತ್ತೆರಡು. ಕ್ರಿಸ್‌ಮಸ್ಸಿಗೆ ನೂರು ದಾಟುತ್ತವೆ, ಮಾರ್ಚಿಗೆ ಎಣಿಸುವುದಕ್ಕೆ ಈ ಕಾಗದ ಸಾಲುವುದಿಲ್ಲ. ತಂದೆ ಇಲ್ಲೇ ಇದ್ದಾರೆ, ಎಂದು ಮೇಯರರ ಕಡೆ ಕೈ ತೋರಿಸಿದಳು. ಅವರ ಕಚೇರಿಯಲ್ಲಿ ಹೊಸ ಯಂತ್ರಗಳ ಪಕ್ಕ ಬಿಟ್ಟುಕೊಳ್ಳಲಿ.

ಅಳತೆಪಟ್ಟಿ ಕಾಗದದ ಮೇಲೆ ನಿಂತೇ ಇತ್ತು. ಆಸ್ತಿ ಬರೆದರೆ ಅದರ ಸಾಕಣೆಯನ್ನೂ ಬರೆಯಬೇಕು. ಸಾಕಣೆ ಬರೆದರೆ ಮೇಲಿನವರು ಹುಲ್ಲು ಯಾವ ಲೆಕ್ಕದಲ್ಲಿ ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ಈ ಘಟ್ಟ ಹತ್ತಿ ಬಂದು ಹೊಸದಾಗಿ ಎಣಿಸಬೇಕಾದವರು ಇವರೇ. ಇದೆಲ್ಲ ಅವರ ಮುಖದ ಮೇಲೆ ಒಂದಾದ ಮೇಲೊಂದು ಹಾದುಹೋಗುವುದನ್ನು ನಾವು ಬಾಗಿಲಲ್ಲಿ ನಿಂತು ನೋಡಿದೆವು. ಒಂದು ಕೂಯಿ ಸೀನಿತು.

ಅವರು ಮೇಯರರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನು ಮಾತಾಯಿತೋ ಕೇಳಿಸಲಿಲ್ಲ. ವಾಪಸು ಬಂದಾಗ ದೊನ್ ರೊಸೆಂದೊ ಟೋಪಿಯನ್ನು ಎದೆಗೆ ಹಿಡಿದಿದ್ದರು. ಸಾಕಲಾರದ ತಂದೆ ಊರವರ ಮುಂದೆ ಹೇಳಬೇಕಾದ ಮಾತು ಒಂದಿದೆ, ಹೇಳುವುದು ಸುಲಭವಲ್ಲ. ಅವರು ಒಲೆಯ ಕಡೆ ನೋಡಿಕೊಂಡು ಹೇಳಿದರು.

“ಕಂಪಾದ್ರೆ, ಕೊಮಾದ್ರೆ, ನನ್ನ ಕೈಲಿ ಆಗಲ್ಲ. ಮಗೂನ ನಿಮ್ಮ ಮಡಿಲಿಗೇ ಹಾಕಿದ್ದೀನಿ.”

ಮೆಲಿತೊನ್ ಕಣ್ಣೊರೆಸಿಕೊಂಡ. ಇಡೀ ವಿಷಯದಲ್ಲಿ ತನ್ನಿಂದ ಏನಾಗಿತ್ತು ಎಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಮೇಯರ್ ಮತ್ತೊಮ್ಮೆ ಕಂಪಾದ್ರೆ ಎಂದದ್ದು ಮಾತ್ರ ಕೇಳಿಸಿತ್ತು.

ವಿಲ್ಯಾಗ್ರಾ ಅವರು ನಿಂತಲ್ಲೇ ಬರೆದರು. ೦೭೪: ಸುಸ್ಥಿತಿಯಲ್ಲಿದೆ, ಬಳಕೆಯಲ್ಲಿದೆ, ಬಾಳಿಕೆ ಬರುವ ತನಕ ಶ್ರೀಮತಿ ಸೆರಾಫಿನಾ ಅವರ ಉಪಯೋಗಕ್ಕೆ ಬಿಟ್ಟಿದೆ. ಕಾಣಿಕೆ, ಜೀವಂತ ಇತ್ಯಾದಿ: ಕಂಡುಬಂದಿಲ್ಲ. ಆ ಕೊನೆಯ ಪದ ಬರೆಯುವಾಗ ಅವರು ತಲೆಯೆತ್ತಿ ಬೀರುವಿನ ಕಡೆ ಒಮ್ಮೆ ನೋಡಿದರು. ನಲವತ್ತೆರಡು ಮೂತಿಗಳು ತೂತುಗಳಿಗೆ ಒತ್ತಿ ನಿಂತು ಅವರನ್ನೇ ನೋಡುತ್ತಿದ್ದವು. ಅವರು ಸಹಿ ಹಾಕಿದರು.

ಸಂಜೆಯ ಬಸ್ಸು ಅಷ್ಟರಲ್ಲಿ ಹೋಗಿತ್ತು. ಮರುದಿನ ಹದಿನೈದಲ್ಲ, ಹದಿನೆಂಟು ಜನ ಕಾಲುನೇಗಿಲು ಹೊತ್ತು ಬಂದರು, ಸುದ್ದಿ ಹಬ್ಬಿತ್ತು. ಮೂವರು ಮೂವರಾಗಿ ಸಾಲು ಹಿಡಿದು, ಮಧ್ಯಾಹ್ನದೊಳಗೆ ಹೊಲದ ಮುಕ್ಕಾಲು ಪಾಲು ಮಗುಚಿದರು. ವಿಲ್ಯಾಗ್ರಾ ಅವರು ಬದುವಿನ ಮೇಲೆ ಕೋಟು ಹಾಸಿಕೊಂಡು ಕೂತಿದ್ದರು. ಸೆರಾಫಿನಾ ಎಲ್ಲರಿಗೂ ಬಡಿಸಿ ಅವರಿಗೂ ತಟ್ಟೆ ಕೊಟ್ಟಳು: ಬೆಂದ ಆಲೂಗಡ್ಡೆ, ಮೆಣಸಿನಕಾಯಿ ಗೊಜ್ಜು, ಮೇಲೆ ಕೆಂಪಗೆ ಹುರಿದ ಇಡೀ ಕೂಯಿ. ಅವರು ತುಂಬ ಹೊತ್ತು ತಟ್ಟೆ ನೋಡಿದರು. ಕ್ಷಮಿಸಬೇಕು, ಇಲ್ಲ ಅಂತ ಸಹಿ ಹಾಕಿದ್ದನ್ನು ಹೇಗೆ ತಿನ್ನಲಿ ಎಂದರು. ಇಲಾರಿಯಾ ಅಜ್ಜಿ ತನ್ನ ಶಾಲನ್ನು ಅವರ ಮತ್ತು ತಟ್ಟೆಯ ಮೇಲೆ ಹೊದಿಸಿ ಹೋದಳು. ಸ್ವಲ್ಪ ಹೊತ್ತಿಗೆ ಶಾಲು ಮೆಲ್ಲಗೆ ಅಲುಗಾಡತೊಡಗಿತು.

ಊಟದ ಹೊತ್ತಿಗೆ ಸರಿಯಾಗಿ ಹೊಳೆಯ ಕಡೆಯಿಂದ ಮೇಯರ್ ಬಂದರು. ಮದುವೆಗೆ ಹಾಕುವ ಷೂ ಹಾಕಿದ್ದರು, ಬೆನ್ನ ಮೇಲೆ ಹಗ್ಗ ಬಿಗಿದ ಒಂದು ಹೊರೆ ಹಸಿ ಬಾರ್ಲಿ ಹುಲ್ಲು. ಹದಿನೆಂಟು ಜನರೂ ಅಗಿಯುವುದನ್ನು ನಿಲ್ಲಿಸಿದರು. ಅವರು ಅಂಗಳಕ್ಕೆ ಬಂದು ಹೊರೆ ಇಳಿಸಿ, ಮುಖ ಒರೆಸಿಕೊಂಡು, ನಿನ್ನೆ ಮಗುವನ್ನು ಕೊಟ್ಟಾಯಿತು, ಇದು ಸುಮ್ಮನೆ ಪ್ರೀತಿಗೆ ತಂದದ್ದು ಎಂದರು.

ಸೆರಾಫಿನಾ ಹುಲ್ಲು ಮೂಸಿ ನೋಡಿದಳು, ಇಬ್ಬನಿ ಆರಿದೆಯೆ ಎಂದು ಕೈಯಾಡಿಸಿದಳು. ಒಳ್ಳೆಯ ಹುಲ್ಲು. ಅವರಿಗೂ ಒಂದು ತಟ್ಟೆ ತುಂಬಿ ಕೈಗೆ ಕೊಟ್ಟಳು.

“ಮಗು ಬೇರೆ, ಹುಲ್ಲು ಬೇರೆ,” ಎಂದಳು. “ಕೂತ್ಕೊಂಡು ಉಣ್ಣಿ, ಕಂಪಾದ್ರೆ. ಇನ್ನು ನೂರಾ ಎರಡು.”